ಮನೆ ಬಾಗಿಲಿಗೆ ಬಂದು ಅಭಿಪ್ರಾಯ ಕೇಳ್ತಾರಲ್ಲ, ಅದು ಎಲ್ಲಿಗೆ ಹೋಗುತ್ತೆ?

ಪಂಚಾಯಿತಿ, ಪುರಸಭೆ, ಪಾಲಿಕೆಗಳು ಜನರ ಅಭಿಪ್ರಾಯ ಕೇಳುವ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಬಂದವು, ಚೆನ್ನಾಗಿಯೇ ಬಂದವು. ಅರ್ಧಕ್ಕರ್ಧ ಬೈಗುಳ. ಬೈಗುಳ ಸೋಸಿ ಪ್ರಶ್ನೆ ಮಾತ್ರ ಉಳಿಸಿಕೊಂಡಿದ್ದೇನೆ. ಒಂದೇ ಥರ ಕೇಳಿದವರನ್ನು ಒಟ್ಟಿಗೆ ಸೇರಿಸಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಇಬ್ಬರು ಬಂದು "ಊರು ಸ್ವಚ್ಛವಾಗಿದೆಯಾ, ಕಸದ ಗಾಡಿ ಬರುತ್ತಾ" ಅಂತ ಕೇಳಿದರು. ಆಮೇಲೆ "ಮೊಬೈಲ್ ಕೊಡಿ ಮೇಡಂ, ಒಂದು ಓಟಿಪಿ ಬರುತ್ತೆ, ನಾವೇ ಹಾಕ್ಕೋತೀವಿ" ಅಂದರು. ಕೊಟ್ಟೆ. ಏನು ಒತ್ತಿದರೋ ಗೊತ್ತಿಲ್ಲ. ಇದು ಜಾತಿ ಸಮೀಕ್ಷೆಯೇ, ಬೇರೆಯೇ?
— ಗೃಹಿಣಿ, ಊರಿನ ಹೆಸರು ಬೇಡ ಎಂದಿದ್ದಾರೆ

ಬೇರೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ನಡೆದದ್ದು, ಜನ ಜಾತಿ ಸಮೀಕ್ಷೆ ಅಂತ ಕರೆಯೋದು, ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಅದರಲ್ಲಿ 60 ಪ್ರಶ್ನೆ ಇದ್ದವು. ನಿಮ್ಮ ಮನೆಗೆ ಬಂದದ್ದು, ನೀವು ಹೇಳಿದ ಪ್ರಶ್ನೆ ನೋಡಿದರೆ, ಸ್ವಚ್ಛ ಸರ್ವೇಕ್ಷಣದ ನಾಗರಿಕರ ಅಭಿಪ್ರಾಯ ಸಂಗ್ರಹ ಇರಬೇಕು. ಇದು ಊರುಗಳ ಸ್ವಚ್ಛತೆ ಅಳೆಯೋಕೆ ಕೇಂದ್ರ ಸರ್ಕಾರ 2016ರಲ್ಲಿ 73 ನಗರಗಳಲ್ಲಿ ಶುರು ಮಾಡಿದ್ದು. ಆ ವರ್ಷ ಮೈಸೂರು ಮೊದಲ ಸ್ಥಾನದಲ್ಲಿತ್ತು, ನೆನಪಿರಬಹುದು. ಈಗ ಸಣ್ಣ ಪಟ್ಟಣಗಳೂ ಇದರಲ್ಲಿವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಸಮೀಕ್ಷೆಯಲ್ಲಿ ಊರಿಗೆ ಅಂಕ ಸಿಗುತ್ತದೆ, ಅಂಕದಿಂದ ಸ್ಥಾನ ಸಿಗುತ್ತದೆ, ಸ್ಥಾನ ಪೇಪರಿನಲ್ಲಿ ಬರುತ್ತದೆ. ಹಾಗಾಗಿ ಕೇಳುವವರಿಗೆ ಬೇಕಾಗಿರೋದು ನಿಮ್ಮ ಬೀದಿಯ ಕಥೆ ಅಲ್ಲ, "ಹೌದು" ಅನ್ನುವ ಉತ್ತರ. ಪರೀಕ್ಷೆ ಬರೆಯುವ ಹುಡುಗನ ಕೈಗೇ ಉತ್ತರ ಪತ್ರಿಕೆ ತಿದ್ದೋಕೆ ಕೊಟ್ಟಂತಾಯ್ತು ಅಂತ ನಾನಂತೂ ಅಂದುಕೊಳ್ಳೋದು. ಮುಂದಿನ ಸಲ ಬಂದರೆ ಫೋನು ಕೈಗೆ ಕೊಡಬೇಡಿ. "ಲಿಂಕ್ ಹೇಳಿ, ನಾನೇ ತುಂಬ್ತೀನಿ" ಅನ್ನಿ. ಓಟಿಪಿ ಅನ್ನೋದು ಉತ್ತರ ಕೊಟ್ಟವರು ನಿಜವಾದ ಮನುಷ್ಯರೇ ಅಂತ ಖಾತ್ರಿ ಮಾಡಿಕೊಳ್ಳೋಕೆ ಇರೋದು. ಅದನ್ನು ಬೇರೆಯವರು ಹಾಕಿದರೆ ಆ ಉತ್ತರ ನಿಮ್ಮದಲ್ಲ.

ಹಾಗಂತ ಉತ್ತರವನ್ನೇ ಕೊಡದೆ ಇರಬೇಡಿ. ಚರಂಡಿ ಕಟ್ಟಿಕೊಂಡಿದ್ದರೆ "ಇಲ್ಲ" ಅಂತಲೇ ಒತ್ತಿ. ಆದರೆ ಅಷ್ಟಕ್ಕೇ ಚರಂಡಿ ರಿಪೇರಿ ಆಗಲ್ಲ. ರಿಪೇರಿಗೆ ಬೇರೆ ಅರ್ಜಿ, ಬೇರೆ ದಾರಿ. ದೂರು ಕೊಡೋದು, ಅಭಿಪ್ರಾಯ ಹೇಳೋದು ಎರಡೂ ಒಂದೇ ಅಂದುಕೊಂಡು ತುಂಬಾ ಜನ ಮೋಸ ಹೋಗ್ತಾರೆ.

ಪ್ರಶ್ನೆ: ಇಡೀ ಊರಲ್ಲಿ 400 ಜನರನ್ನು ಕೇಳಿ "ಜನಾಭಿಪ್ರಾಯ ಹೀಗಿದೆ" ಅಂತಾರೆ. ಲಕ್ಷಗಟ್ಟಲೆ ಜನರಿಗೆ 400 ಸಾಕಾ ಸರ್? ನಮ್ಮ ಲೆಕ್ಚರರ್ ಸಾಕು ಅಂತಾರೆ, ನನಗೆ ನಂಬಿಕೆ ಬರ್ತಿಲ್ಲ.
— ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ

ನಿಮ್ಮ ಲೆಕ್ಚರರ್ ಹೇಳಿದ್ದು ಸರಿ. ಆದರೆ ಪೂರ್ತಿ ಹೇಳಿಲ್ಲ ಅನ್ಸುತ್ತೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು, ಆದರೆ ಮದುವೆ ಮನೆಯ ಕೊಪ್ಪರಿಗೆಯಲ್ಲಿ ಬರೀ ತಳದ ಅಗುಳು ಹಿಸುಕಿ ನೋಡಿದರೆ ಮೇಲಿನ ಅಕ್ಕಿ ಹಸಿಯಾಗಿದ್ದರೂ ಗೊತ್ತಾಗಲ್ಲ. ಊರಿನ ಯಾರ ಹೆಸರು ಬೇಕಾದರೂ ಬರಬಹುದು ಅನ್ನುವಂತೆ, ಚೀಟಿ ಎತ್ತಿದ ಹಾಗೆ ಆರಿಸಿದ 400 ಜನ ಆದರೆ, ಶೇಕಡಾ 5ರಷ್ಟು ಆಚೆ ಈಚೆ ಬಿಟ್ಟು ನೂರಕ್ಕೆ 95 ಸಲ ಊರಿನ ಮಾತು ಸಿಗುತ್ತದೆ. ಊರಲ್ಲಿ 2 ಲಕ್ಷ ಜನ ಇರಲಿ, 20 ಲಕ್ಷ ಇರಲಿ, ಲೆಕ್ಕ ಹೆಚ್ಚುಕಮ್ಮಿ ಅದೇ. ಎಡವಟ್ಟಾಗೋದು ಸಂಖ್ಯೆಯಲ್ಲಲ್ಲ, ಆ 400 ಜನ ಯಾರು ಅನ್ನೋದರಲ್ಲಿ.

ಬೆಂಗಳೂರಿನ ಸ್ಟೀಲ್ ಫ್ಲೈಓವರ್ ಕಥೆ ಗೊತ್ತಾ? 2016. ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಎಸ್ಟೀಮ್ ಮಾಲ್ ತನಕ 6.7 ಕಿಲೋಮೀಟರ್ ಉಕ್ಕಿನ ಸೇತುವೆ, 1,791 ಕೋಟಿ ರೂಪಾಯಿ, 800ಕ್ಕೂ ಹೆಚ್ಚು ಮರ ಕಡಿಯಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಜನರ ಅಭಿಪ್ರಾಯ ಕೇಳಿತು. ಬಂದ ಅಭಿಪ್ರಾಯ 299. ಅದರಲ್ಲಿ ಶೇಕಡಾ 73 ಜನ ಬೇಕು ಅಂದಿದ್ದಾರೆ ಅಂತ ಹೇಳಿತು. ಕೇಳೋಕೆ ಚೆನ್ನಾಗಿಯೇ ಇದೆ. ಆದರೆ ಆ 299 ಜನ ಚೀಟಿ ಎತ್ತಿ ಆರಿಸಿದವರಲ್ಲ, ಸುದ್ದಿ ತಿಳಿದು ತಾವಾಗೇ ಬರೆದು ಕಳಿಸಿದವರು. ಇನ್ನುಳಿದವರಿಗೆ ಕೇಳಿದ್ದಾರೆ ಅನ್ನೋದೇ ಗೊತ್ತಿರಲಿಲ್ಲ. ಆ ವರ್ಷ ಅಕ್ಟೋಬರ್ 16ರಂದು ಜನ ರಸ್ತೆಗಿಳಿದು ಕೈ ಕೈ ಹಿಡಿದು "ಬೇಡ" ಅಂತ ನಿಂತರು. ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರವೇ ಯೋಜನೆ ಕೈಬಿಟ್ಟಿತು. ಸೇತುವೆ ಬೇಕಿತ್ತೋ ಬೇಡವೋ ಅದು ಬೇರೆ ಚರ್ಚೆ, ಇವತ್ತು ಹೆಬ್ಬಾಳದಲ್ಲಿ ನಿಂತವರು ಬೇಕಿತ್ತು ಅನ್ನಲೂಬಹುದು! ಆದರೆ ಹಾಗೆ ಬಂದ 299 ಪತ್ರಗಳನ್ನು "ಜನಾಭಿಪ್ರಾಯ" ಅಂದರೆ ಯಾರೂ ನಂಬಲ್ಲ.

ಎದುರಿನ ಉದಾಹರಣೆಯೂ ಇದೆ. ಯಾವ ಊರಲ್ಲಿ ಬದುಕೋದು ಎಷ್ಟು ಸಲೀಸು ಅಂತ ಅಂಕ ಕೊಡುವ ಕೇಂದ್ರದ ಸುಲಲಿತ ಜೀವನ ಸೂಚ್ಯಂಕ, 2020ರದ್ದು. 111 ನಗರಗಳಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಅಭಿಪ್ರಾಯ ಕೊಟ್ಟರು. ಒಟ್ಟು ಅಂಕದಲ್ಲಿ ಶೇಕಡಾ 30 ಈ ಅಭಿಪ್ರಾಯಕ್ಕೇ. ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ಬೆಂಗಳೂರೇ ಮೊದಲು ಬಂತು. ಸಿಲ್ಕ್ ಬೋರ್ಡ್‌ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡವರು ಆ ಸುದ್ದಿ ಓದಿ ಏನಂದರು ಅಂತ ಬರೆಯೋದು ಬೇಡ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ನಮ್ಮ ಅನುಭವಕ್ಕೆ ಹತ್ತಿರ ಇರುತ್ತೆ ಅಂತೇನಿಲ್ಲ, ಅಲ್ವಾ.

ಪ್ರಶ್ನೆ: ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ? ನಾವು ಹೇಳ್ತೀವಿ, ಅವರು ತಲೆ ಆಡಿಸ್ತಾರೆ, ಟೀ ಕೊಡ್ತಾರೆ. ನಮ್ಮ ಕಡೆ ಸಭೆಗೆ ಜನ ಸಾಲದಿದ್ದರೆ ಸಹಿ ಪುಸ್ತಕವೇ ಮನೆಮನೆಗೆ ಬರುತ್ತೆ.
— ಮೂರು ಜನ ಬೇರೆ ಬೇರೆ ಊರಿಂದ ಹೀಗೇ ಬರೆದಿದ್ದಾರೆ

ಮೊದಲು ಆ ಸಹಿ ವಿಷಯ. ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ. ಹಾಕಿದರೆ ನೀವು ಸಭೆಯಲ್ಲಿದ್ದು, ಅಲ್ಲಿ ಆದ ತೀರ್ಮಾನ ಒಪ್ಪಿದ್ದೀರಿ ಅಂತಲೇ ಅರ್ಥ. ನಾಳೆ ಯಾವ ಬೀದಿಯ ಕಾಮಗಾರಿ ಯಾವ ಬೀದಿಗೆ ಹೋಯಿತು ಅಂತ ಕೇಳುವ ಬಾಯಿ ನಿಮಗೆ ಇರಲ್ಲ.

ಇನ್ನು ಪ್ರಯೋಜನ. ನಮ್ಮ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಅದರ ಪ್ರಕಾರ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಎರಡೂ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ಬಂದವರಲ್ಲಿ ಶೇಕಡಾ 30ರಷ್ಟಾದರೂ ಹೆಂಗಸರಿರಬೇಕು. ಜನ ಮಾಡುವ ತಪ್ಪು ಏನಂದ್ರೆ ವಾರ್ಡ್ ಸಭೆ ಬಿಟ್ಟು ಸೀದಾ ಗ್ರಾಮಸಭೆಗೆ ಹೋಗಿ ಗಲಾಟೆ ಮಾಡೋದು. ಅಷ್ಟೊತ್ತಿಗೆ ಯಾವ ವಾರ್ಡಿಂದ ಏನು ಬೇಡಿಕೆ ಬಂದಿದೆ ಅನ್ನುವ ಪಟ್ಟಿ ತಯಾರಾಗಿರುತ್ತೆ. ನಿಮ್ಮ ಬೀದಿಯ ಬೋರ್‌ವೆಲ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎಷ್ಟು ಕೂಗಿದರೂ ಪಿಡಿಓ "ನೋಡೋಣ, ಮುಂದಿನ ಸಲ" ಅಂತಾರೆ, ಅಷ್ಟೇ.

ಆಮೇಲೆ ನಡಾವಳಿ. ನನ್ನ ಕೇಳಿದರೆ ಇಡೀ ವಿಷಯ ಇರೋದೇ ಇಲ್ಲಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು, ನಡಾವಳಿ ಪುಸ್ತಕದಲ್ಲಿ ಬರೆದದ್ದು ಉಳಿಯಿತು. ಸಭೆ ಮುಗಿದು ಟೀ ಬರೋ ಹೊತ್ತಿಗೆ ಎದ್ದು ಹೋಗಬೇಡಿ. "ನಾನು ಹೇಳಿದ್ದು ಬರೆದುಕೊಂಡ್ರಾ ಸರ್, ಒಂದ್ಸಲ ಓದಿ" ಅನ್ನಿ. ಎಲ್ಲರ ಮುಂದೆ ಓದಿಸಿ. "ಕುಡಿಯುವ ನೀರಿನ ಸಮಸ್ಯೆ ಚರ್ಚಿಸಲಾಯಿತು" ಅಂತ ಬರೆದಿದ್ದರೆ ಒಪ್ಪಬೇಡಿ. ಅದು ಯಾವ ಊರಿಗೂ, ಯಾವ ವರ್ಷಕ್ಕೂ ಹೊಂದುವ ಸಾಲು. "ಮಾರಮ್ಮನ ಗುಡಿ ಹಿಂದಿನ ಬೀದಿಯ ಮಿನಿ ಟ್ಯಾಂಕ್‌ಗೆ ಮೋಟರ್ ಕೆಟ್ಟು ಎರಡು ತಿಂಗಳು, ರಿಪೇರಿ ಮಾಡಿಸುವುದು" ಅಂತ ಬರೆಸಿ. ಮಾತಾಡೋಕೆ ಮುಜುಗರ ಅನ್ನುವವರು ಚೀಟಿಯಲ್ಲಿ ಬರೆದುಕೊಡಿ, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ನಡಾವಳಿಯ ನಕಲು ಕೊಡಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಕಥೆ ಬರೆಯಬೇಡಿ.

ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಜಮಾಬಂದಿ ಇರುತ್ತೆ. ಹೋದ ವರ್ಷದ ಲೆಕ್ಕ, ಕಾಮಗಾರಿ ಎಲ್ಲ ಜನರ ಮುಂದೆ ಬಿಚ್ಚಿಡಬೇಕು. ಗ್ರಾಮಸಭೆಯಲ್ಲಿ ಕೇಳಿದ್ದಕ್ಕೆ ಉತ್ತರ ಸಿಕ್ಕಿತೋ ಇಲ್ಲವೋ ನೋಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಅಲ್ಲಿಗೆ ಹೋಗುವವರು ಗ್ರಾಮಸಭೆಗಿಂತಲೂ ಕಮ್ಮಿ.

ಸಭೆ ಬಿಟ್ಟು ಬೇರೆ ದಾರಿಯೂ ಇದೆ. ಪಂಚಾಯಿತಿಯ ಅಭಿವೃದ್ಧಿ ಯೋಜನೆ "ನಮ್ಮ ಗ್ರಾಮ ನಮ್ಮ ಯೋಜನೆ" ತಯಾರಿಸುವಾಗ ಕೆಲವು ಕಡೆ ಪಿಆರ್‌ಎ, ಅಂದರೆ ಊರವರೇ ಸೇರಿ ತಮ್ಮ ಊರನ್ನು ಅರಿತುಕೊಳ್ಳುವ ಕೆಲಸ ಮಾಡ್ತಾರೆ. ಗುಡಿ ಮುಂದಿನ ಬಯಲಲ್ಲಿ ರಂಗೋಲಿ ಪುಡಿ, ಕಾಳು, ಕಲ್ಲು ಇಟ್ಟು ಊರಿನ ನಕ್ಷೆಯನ್ನು ಊರಿನವರೇ ಬಿಡಿಸೋದು. ಮೈರಾಡದಂಥ ಸಂಸ್ಥೆಗಳು ಇದನ್ನು ನಮ್ಮ ಹಳ್ಳಿಗಳಲ್ಲಿ ಶುರು ಮಾಡಿ ಮೂರು ದಶಕದ ಮೇಲಾಯಿತು. ಸಭೆಯಲ್ಲಿ ತುಟಿ ಬಿಚ್ಚದ ಹೆಂಗಸರು ಇಲ್ಲಿ ರಂಗೋಲಿ ಹಿಡಿದು ಕೂತರೆ ಸುಮ್ನಿರಲ್ಲ. ಗಂಡಸರು ಬಿಡಿಸಿದ ನಕ್ಷೆಯಲ್ಲಿ ರಸ್ತೆ, ಶಾಲೆ, ಸೊಸೈಟಿ ಇರುತ್ತೆ. ಹೆಂಗಸರು ಬಂದು "ಕತ್ತಲಾದ ಮೇಲೆ ಬಯಲಿಗೆ ಹೋಗೋ ದಾರೀಲಿ ಲೈಟಿಲ್ಲ, ಅದೆಲ್ಲಿ ಹಾಕಿದ್ದೀರಿ" ಅಂತ ಕೇಳ್ತಾರೆ.

ಪ್ರಶ್ನೆ: ನಾನು ಬಾಡಿಗೆ ಮನೆಯಲ್ಲಿದ್ದೇನೆ, ವೋಟು ಬೇರೆ ಊರಲ್ಲಿದೆ. ನನ್ನ ಮಾತು ಲೆಕ್ಕಕ್ಕೆ ಬರುತ್ತಾ?
— ಓದುಗರು, ಹೊಸಪೇಟೆ

ಗ್ರಾಮಸಭೆ ಅಂದರೆ ಸಂವಿಧಾನದ ಪ್ರಕಾರ ಆ ಊರಿನ ಮತದಾರರ ಪಟ್ಟಿಯಲ್ಲಿ ಇರುವವರು. ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಕಷ್ಟ. ಆದರೆ ಸಮೀಕ್ಷೆ, ಬಜೆಟ್ ಸಲಹೆ, ಕರಡು ನಿಯಮಕ್ಕೆ ಆಕ್ಷೇಪಣೆ, ಇದಕ್ಕೆಲ್ಲ ಮನೆ ಸ್ವಂತದ್ದಾ ಬಾಡಿಗೆಯದ್ದಾ ಅಂತ ಯಾರೂ ಕೇಳಬಾರದು. ನೀರಿನ ಬಿಲ್ ಕಟ್ಟೋದು ನೀವೇ ತಾನೆ. ಊರಲ್ಲೇ ಇರೋದಾದರೆ ಹೆಸರು ವರ್ಗಾಯಿಸಿಕೊಂಡುಬಿಡಿ.

ಪ್ರಶ್ನೆ: ನಗರದಲ್ಲಿ ವಾರ್ಡ್ ಸಮಿತಿ ಅಂತ ಇದೆಯಂತೆ. ನಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಪಾಲಿಕೆ ಕಚೇರಿಯಲ್ಲೇ ಗೊತ್ತಿಲ್ಲ ಅಂದರು.
— ನಿವೃತ್ತ ಶಿಕ್ಷಕರು

ಇದೆ, ಸರ್. 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳಿ ಮೂವತ್ತು ವರ್ಷ ದಾಟಿತು. ಅದು ಜಾರಿಗೆ ಬಂದದ್ದು 1993ರ ಜೂನ್ 1ಕ್ಕೆ. ನಮ್ಮ ರಾಜ್ಯ 2011ರಲ್ಲಿ ಪಾಲಿಕೆ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿ, ಏರಿಯಾ ಸಭೆ ಎರಡನ್ನೂ ಸೇರಿಸಿತು. ನಿಯಮ ಬರೋಕೆ 2016 ಆಯಿತು. ಅದರಂತೆ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ತಿಂಗಳಿಗೊಮ್ಮೆ ಸಭೆ.

ಕಾಗದದಲ್ಲಿ ಇಷ್ಟು ಚೆನ್ನಾಗಿದೆ. ನಿಜದಲ್ಲಿ ಕಾರ್ಪೊರೇಟರ್‌ಗೆ ಈ ಸಮಿತಿ ಅಂದರೆ ಅಷ್ಟಕ್ಕಷ್ಟೆ. ತನ್ನ ವಾರ್ಡಿನ ದುಡ್ಡಿಗೆ ಹತ್ತು ಜನ ಪಾಲುದಾರರು ಯಾಕೆ ಅಂತ ಅವರಿಗೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ಇನ್ನು ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕಾರ್ಪೊರೇಟರ್ ಜಾಗದಲ್ಲಿ ಅಧಿಕಾರಿಗಳು ಕೂತು ಸಭೆ ನಡೆಸಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಒಡೆದು ಐದು ಪಾಲಿಕೆ ಆಯಿತು.

ನೀವು ಮಾಡಬಹುದಾದ್ದು ಇಷ್ಟು. ಸಮಿತಿ ಸದಸ್ಯರ ಪಟ್ಟಿ, ಕಳೆದ ವರ್ಷದ ಸಭೆಗಳ ನಡಾವಳಿ, ಈ ಎರಡನ್ನೇ ಲಿಖಿತವಾಗಿ ಕೇಳಿ. "ಇಲ್ಲ" ಅಂತ ಬಂದರೂ ಲಾಭವೇ. ಇಲ್ಲ ಅನ್ನುವ ಉತ್ತರ ಕೈಯಲ್ಲಿದ್ದರೆ ಯಾಕಿಲ್ಲ ಅಂತ ಮೇಲೆ ಕೇಳಬಹುದು.

ಪ್ರಶ್ನೆ: ಬಜೆಟ್‌ಗೆ ಮುಂಚೆ ಜನರ ಸಲಹೆ ಕೇಳುವ ಸಭೆ ಬರೀ ನಾಟಕ ಅಲ್ವಾ?
— ಪುಣೆಯಲ್ಲಿರುವ ಕನ್ನಡಿಗರು

ನಿಮ್ಮೂರಲ್ಲೇ ಉತ್ತರ ಇದೆಯಲ್ಲ! ಪುಣೆ ಮಹಾನಗರ ಪಾಲಿಕೆ 2006ರಿಂದ ನಾಗರಿಕರಿಂದ ಕಾಮಗಾರಿ ಸಲಹೆ ತೆಗೆದುಕೊಂಡು ಬಜೆಟ್‌ಗೆ ಸೇರಿಸುವ ಪದ್ಧತಿ ಇಟ್ಟುಕೊಂಡಿದೆ. ಅರ್ಜಿ ತುಂಬಬೇಕು, ಫುಟ್‌ಪಾತ್, ಬೀದಿ ದೀಪ, ಬಸ್ ಸ್ಟಾಪಿನಂಥ ಸಣ್ಣ ಕೆಲಸ ಆಗಿರಬೇಕು. ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆ 2015ರಿಂದ ಪಾಲಿಕೆ ಜೊತೆ ಸೇರಿ "ನನ್ನ ನಗರ ನನ್ನ ಬಜೆಟ್" ನಡೆಸಿತು, ಬಸ್ಸು ವಾರ್ಡಿಂದ ವಾರ್ಡಿಗೆ ಹೋಗಿ ಜನರ ಸಲಹೆ ತುಂಬಿಸಿಕೊಂಡಿತು. ಇದೆಲ್ಲ ನಾಟಕ ಅಲ್ಲ. ನಮ್ಮ ಪುರಸಭೆಗಳಲ್ಲಿ ಬಜೆಟ್ ಮಂಡನೆಗೆ ನಾಲ್ಕು ದಿನ ಇರುವಾಗ ಶಾಮಿಯಾನ ಹಾಕಿ ಕರೆಯುವ ಸಭೆ ಇದೆಯಲ್ಲ, ಅದು ಮಾತ್ರ ನಾಟಕವೇ. ಅಷ್ಟೊತ್ತಿಗೆ ಪುಸ್ತಕ ಪ್ರಿಂಟಿಗೆ ಹೋಗಿರುತ್ತೆ. ಸಲಹೆಯನ್ನು ನವೆಂಬರ್, ಡಿಸೆಂಬರ್‌ನಲ್ಲೇ ಬರೆದು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ, ಸಭೆಗೆ ಕಾಯಬೇಡಿ.

ಪ್ರಶ್ನೆ: ಮಕ್ಕಳಿಗೂ ಗ್ರಾಮಸಭೆ ಅಂತೆ. ಮಕ್ಕಳಿಗೆ ಏನು ಗೊತ್ತಿರುತ್ತೆ?

ದೊಡ್ಡವರಿಗಿಂತ ಜಾಸ್ತಿಯೇ. ಕುಂದಾಪುರದ ಕಡೆ 90ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳಿದ್ದವು, ಕೆರಾಡಿ ಅದರಲ್ಲಿ ಹೆಸರು ಮಾಡಿದ ಊರು. 2006ರಲ್ಲಿ ಸರ್ಕಾರ ರಾಜ್ಯದ ಎಲ್ಲ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ಮಾಡಿ ಅಂತ ಸುತ್ತೋಲೆ ಹೊರಡಿಸಿತು. ಕುಂದಾಪುರ ಭಾಗದ ಮಕ್ಕಳು ಕೇಳಿದ್ದರಲ್ಲಿ ಕಾಲುಸಂಕ, ಅಂದರೆ ಹಳ್ಳ ದಾಟುವ ಕಿರುಸೇತುವೆ, ಮುಖ್ಯ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಶಾಲೆಗೆ ಹೋಗೋಕಾಗಲ್ಲ. ದೊಡ್ಡವರು ಸಮುದಾಯ ಭವನ ಕೇಳ್ತಾರೆ, ಮಕ್ಕಳು ದಾಟೋಕೆ ಒಂದು ಸಂಕ ಕೇಳ್ತಾರೆ. ಯಾರಿಗೆ ಊರು ಚೆನ್ನಾಗಿ ಗೊತ್ತು, ನೀವೇ ಹೇಳಿ.

ಪ್ರಶ್ನೆ: ನಮ್ಮ ಬಡಾವಣೆ ಸಂಘದಿಂದ ನಾವೇ ಒಂದು ಸಮೀಕ್ಷೆ ಮಾಡಿ ನಗರಸಭೆಗೆ ಕೊಡಬೇಕು ಅಂತಿದ್ದೇವೆ. 300 ಮನೆ ಇವೆ. ಹೇಗೆ ಮಾಡೋದು?
— ಸಂಘದ ಕಾರ್ಯದರ್ಶಿ, ಹಾಸನ

ಈ ಪತ್ರ ಓದಿ ಖುಷಿಯಾಯಿತು. ಇದಕ್ಕೆ ನಮ್ಮಲ್ಲೇ ದೊಡ್ಡ ಮಾದರಿ ಇದೆ. ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ 1994ರಲ್ಲಿ ನಾಗರಿಕರ ರಿಪೋರ್ಟ್ ಕಾರ್ಡ್ ಬಂತು. ನೀರು, ಕರೆಂಟು, ಫೋನು, ಪಾಲಿಕೆ, ಬಿಡಿಎ, ಯಾರ ಸೇವೆ ಹೇಗಿದೆ ಅಂತ ಜನರನ್ನೇ ಕೇಳಿ ಅಂಕ ಕೊಟ್ಟರು. ಬಿಡಿಎ ಸೇವೆ ತೃಪ್ತಿ ಕೊಟ್ಟಿದೆ ಅಂದವರು ನೂರಕ್ಕೆ ಒಬ್ಬರು! ಆ ಅಂಕಿ ಪತ್ರಿಕೆಗಳಲ್ಲಿ ಬಂದಾಗ ಇಲಾಖೆಗಳಿಗೆ ಮುಖ ಎತ್ತೋಕಾಗಲಿಲ್ಲ. ಪಾಲ್ ಅವರೇ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್‌ನಿಂದ 1999ರಲ್ಲಿ ಮತ್ತೆ, 2003ರಲ್ಲಿ ಮತ್ತೆ ಅದೇ ಥರ ಕೇಳಿದರು. 2003ರ ಹೊತ್ತಿಗೆ ಅಂಕ ಎಷ್ಟೋ ಸುಧಾರಿಸಿತ್ತು. ಗಮನಿಸಿ, ಒಂದು ಸಲ ಕೇಳಿ ಬಿಟ್ಟಿದ್ದರೆ ಅದು ಒಂದು ದಿನದ ಸುದ್ದಿ ಆಗಿ ಮುಗಿದುಹೋಗುತ್ತಿತ್ತು.

ನಿಮ್ಮ 300 ಮನೆಗೆ ಅಷ್ಟು ದೊಡ್ಡ ಸಾಹಸ ಬೇಡ. ಎಲ್ಲ ಮನೆಗೂ ಹೋಗೋಕಾದರೆ ಹೋಗಿ, ಇಲ್ಲದಿದ್ದರೆ ಪ್ರತಿ ಮೂರನೇ ಮನೆ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಿಬಿಡಬೇಡಿ, ಸಂಜೆ ಮತ್ತೆ ಅದೇ ಮನೆಗೆ ಬನ್ನಿ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಸಿಗೋದು ನಿವೃತ್ತರು. ಅವರಿಗೆ ಪಾರ್ಕು ಬೇಕು. ಕೆಲಸಕ್ಕೆ ಹೋಗುವವರಿಗೆ ಬಸ್ಸು ಬೇಕು, ಅವರು ಸಿಗೋದು ಏಳರ ಮೇಲೆ. ಮೇಲ್ಮಹಡಿಯ ಬಾಡಿಗೆದಾರರನ್ನು, ಮೂಲೆಯ ಇಸ್ತ್ರಿ ಗಾಡಿಯವರನ್ನು, ಕಟ್ಟುತ್ತಿರುವ ಮನೆಯ ಶೆಡ್ಡಿನಲ್ಲಿರುವ ವಾಚ್‌ಮನ್ ಸಂಸಾರವನ್ನು ಬಿಡಬೇಡಿ. ಸಂಘದ ಅಧ್ಯಕ್ಷರೇ ಹೋಗಿ ಕೇಳೋದೂ ಬೇಡ. ಅವರ ಮುಂದೆ ಎಲ್ಲರೂ "ಎಲ್ಲ ಚೆನ್ನಾಗಿದೆ ಸರ್, ಕಾಫಿ ತಗೊಳ್ಳಿ" ಅಂತಾರೆ. ಕಾಲೇಜು ಹುಡುಗರನ್ನು ಕಳಿಸಿ.

ಪ್ರಶ್ನೆ ಏಳೆಂಟು ಸಾಕು. "ಕಸದ ಗಾಡಿ ಸರಿಯಾಗಿ ಬರುತ್ತಾ?" ಅಂತ ಕೇಳಿದರೆ ಹೌದು ಅಂತಾರೆ, ಅದರಿಂದ ಏನೂ ಗೊತ್ತಾಗಲ್ಲ. "ಹೋದ ವಾರ ಎಷ್ಟು ದಿನ ಬಂತು? ಎಷ್ಟು ಹೊತ್ತಿಗೆ? ಬಂದಾಗ ಮನೆಯಲ್ಲಿ ಯಾರಾದರೂ ಇದ್ರಾ?" ಅಂತ ಕೇಳಿ. ಆಗ ತಿಳಿಯುತ್ತೆ, ಗಾಡಿ ದಿನಾ ಬರುತ್ತೆ, ಆದರೆ ಹತ್ತೂವರೆಗೆ ಬರುತ್ತೆ, ಗಂಡ ಹೆಂಡತಿ ಇಬ್ಬರೂ ಒಂಬತ್ತಕ್ಕೇ ಹೊರಡುತ್ತಾರೆ, ಅದಕ್ಕೇ ರಾತ್ರಿ ಟ್ರಾನ್ಸ್‌ಫಾರ್ಮರ್ ಕೆಳಗೆ ಚೀಲ ಬೀಳುತ್ತೆ. ಈಗ ನಗರಸಭೆಗೆ ನೀವು ಕೇಳಬೇಕಾದ್ದು ಇನ್ನೊಂದು ಗಾಡಿ ಅಲ್ಲ, ಅದೇ ಗಾಡಿ ಏಳೂವರೆಗೆ ಬರಲಿ ಅಂತ. ದುಡ್ಡು ಕೇಳದ ಬೇಡಿಕೆ ಬೇಗ ಆಗುತ್ತೆ.

ಫಲಿತಾಂಶ ಒಂದೇ ಹಾಳೆಯಲ್ಲಿ ಇರಲಿ. ಒಂದು ಪ್ರತಿ ಪೌರಾಯುಕ್ತರಿಗೆ, ಒಂದು ವಾರ್ಡ್ ಸದಸ್ಯರಿಗೆ, ಒಂದು ಬಡಾವಣೆಯ ಹಾಲಿನ ಬೂತಿನ ಗೋಡೆಗೆ. ಮೂರನೆಯದನ್ನು ಮರೆಯಬೇಡಿ. ಉತ್ತರ ಕೊಟ್ಟವರಿಗೆ ಏನು ಬಂತು ಅಂತ ತಿಳಿಸದಿದ್ದರೆ ಮುಂದಿನ ವರ್ಷ ಅವರು ಬಾಗಿಲೇ ತೆಗೆಯಲ್ಲ. ಆರು ತಿಂಗಳು ಬಿಟ್ಟು ಅವೇ ಪ್ರಶ್ನೆ ಮತ್ತೆ ಕೇಳಿ.

ಪ್ರಶ್ನೆ: ಪೇಪರಿನಲ್ಲಿ "ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸಬಹುದು" ಅಂತ ಸಣ್ಣಕ್ಷರದಲ್ಲಿ ಬರುತ್ತಲ್ಲ, ಅದನ್ನು ಯಾರಾದರೂ ಓದ್ತಾರಾ?

ಓದಬೇಕು. ಮಾಸ್ಟರ್ ಪ್ಲಾನ್ ಕರಡಿಗೆ ಕಾನೂನು 60 ದಿನ ಕೊಡುತ್ತದೆ. ಬೆಂಗಳೂರಿನ 2031ರ ಮಾಸ್ಟರ್ ಪ್ಲಾನ್ ಕರಡು 2017ರ ನವೆಂಬರ್‌ನಲ್ಲಿ ಬಂದಾಗ 13 ಸಾವಿರಕ್ಕೂ ಹೆಚ್ಚು ಆಕ್ಷೇಪಣೆ ಬಿದ್ದವು. ಕೊನೆಗೆ ಆ ಕರಡನ್ನೇ ವಾಪಸ್ ತೆಗೆದುಕೊಂಡರು. ಎಲ್ಲದಕ್ಕೂ ಆಕ್ಷೇಪಣೆಯೇ ಕಾರಣ ಅನ್ನಲ್ಲ. ಆದರೆ ಅವಧಿ ಮುಗಿದ ಮೇಲೆ ಬೀದಿಯಲ್ಲಿ ಕೂಗೋದಕ್ಕಿಂತ ಅವಧಿಯೊಳಗೆ ಸರ್ವೆ ನಂಬರ್ ಸಮೇತ ಬರೆದ ಒಂದು ಪುಟಕ್ಕೆ ಬೆಲೆ ಜಾಸ್ತಿ.

ಪ್ರಶ್ನೆ: ಸಮೀಕ್ಷೆಯವರಿಗೆ ಮನೆಯಲ್ಲಿ ಎರಡು ಬೋರ್‌ವೆಲ್, ಕಾರು ಇದೆ ಅಂತ ಹೇಳಿಬಿಟ್ಟೆ. ಕಂದಾಯ ಜಾಸ್ತಿ ಮಾಡ್ತಾರಾ?
— ಹೆಸರು ಖಂಡಿತ ಹಾಕಬೇಡಿ ಎಂದಿದ್ದಾರೆ

ಇಲ್ಲ. ಆಸ್ತಿ ತೆರಿಗೆ ಲೆಕ್ಕ ಹಾಕೋದು ನಿವೇಶನ, ಕಟ್ಟಡದ ಅಳತೆ ಮತ್ತು ಮಾರ್ಗಸೂಚಿ ಬೆಲೆ ನೋಡಿ. ನಿಮ್ಮ ಕಾರು ನೋಡಿ ಅಲ್ಲ. ಅಭಿಪ್ರಾಯ ಕೇಳೋಕೆ ಬಂದವರಿಗೆ ಹೆಸರು, ಬೀದಿ, ಬೇಕಿದ್ದರೆ ಫೋನ್ ನಂಬರ್ ಸಾಕು. ಗುರುತಿನ ಚೀಟಿ ತೋರಿಸಿ ಅಂತ ನೀವೂ ಕೇಳಬಹುದು. ಬ್ಯಾಂಕ್ ಪಾಸ್‌ಬುಕ್ ಕೇಳಿದರೆ ಮಾತ್ರ ಬಾಗಿಲು ಹಾಕಿ ನಗರಸಭೆಗೆ ಫೋನ್ ಮಾಡಿ.